ಉತಾರದ ಮೇಲಿನ ಬೋಜಾ ಯಾರು ಹೊರಬೇಕು?

ಮನೆಯನ್ನು ಒತ್ತೆಯಿಟ್ಟು ಸಾಲ ತೆಗೆದು, ಈಗ ತಿಂಗಳ ಕಂತು ತುಂಬಲಾರದೆ ತೊಳಲುತ್ತಿರುವ ಕುಟುಂಬಗಳಿಗೆ ಸರಕಾರ ನೆರವಿನ ಕೈ ನೀಡಬೇಕೆ, ಅಥವಾ ಮಾಡಿದ್ದುಣ್ಣೋ ಮಹಾರಾಯ ಎಂದು ಬಿಟ್ಟುಬಿಡಬೇಕೆ? ಗದಗ-ಬೆಟಗೇರಿಯ ಗಿರಣಿಗಳ ಬಾಗಿಲಲ್ಲಿ, ಲಕ್ಷ್ಮೇಶ್ವರದ ಬಜಾರದಲ್ಲಿ, ಶಿರಹಟ್ಟಿ-ಮುಂಡರಗಿಗಳ ಚಹದಂಗಡಿಗಳಲ್ಲಿ ಈ ವಾದ ಜೋರಾಗಿಯೇ ನಡೆದಿದೆ. ನಮ್ಮ ಓದುಗರೂ ಇದರಲ್ಲಿ ಒಂದೇ ಮನಸ್ಸಿನವರಲ್ಲ. ಗಿರಣಿಯ ಕಾರ್ಮಿಕ ಒಂದು ಹೇಳಿದರೆ ಅಂಗಡಿಕಾರ ಇನ್ನೊಂದು ಹೇಳುತ್ತಾನೆ. ಆದುದರಿಂದ ನಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ತಿಳಿಸುವುದು ಕರ್ತವ್ಯವೆಂದು ಬಗೆದಿದ್ದೇವೆ. ನೆರವು ಬೇಕು. ಆದರೆ ಅದು ಸಾಲಮನ್ನಾ ಆಗಬಾರದು. ಮತ್ತು ಆ ನೆರವಿನ ಮೊದಲ ಭಾರವನ್ನು ಹೊರಬೇಕಾದವರು ಸಾಲ ಕೊಟ್ಟವರು, ಬೊಕ್ಕಸವಲ್ಲ.

ಬೇಡವೆನ್ನುವವರ ಮಾತನ್ನೇ ಮೊದಲು ಕೇಳೋಣ. ಅದು ಹಗುರವಾದ ಮಾತೇನೂ ಅಲ್ಲ. ಕಿರಾಣಿ ಅಂಗಡಿ ಇಟ್ಟುಕೊಂಡವನೊಬ್ಬ ಹೆಂಡತಿಯ ಕೊರಳ ಸರವನ್ನು ಒತ್ತೆಯಿಟ್ಟು ಕಂತು ತುಂಬಿರುತ್ತಾನೆ. ಮಗಳ ಲಗ್ನವನ್ನು ಎರಡು ವರ್ಷ ಮುಂದೆ ಹಾಕಿ ಬ್ಯಾಂಕಿನ ಬಾಕಿ ತೀರಿಸಿರುತ್ತಾನೆ. ಪಕ್ಕದ ಮನೆಯವನು ಸಾಲದ ಮೇಲೆ ಎರಡು ಅಂತಸ್ತು ಏರಿಸಿ, ಕಂತು ತಪ್ಪಿಸಿ, ಸರಕಾರ ಬಂದು ಬಿಡಿಸಲಿ ಎಂದು ಕೂತರೆ, ನಿಯತ್ತಿನಿಂದ ತುಂಬಿದವನೇ ಮೂರ್ಖನಾದಂತಾಗಲಿಲ್ಲವೆ? 2017ರಲ್ಲಿ ಸಹಕಾರಿ ಸಂಘಗಳ 50,000 ರೂಪಾಯಿವರೆಗಿನ ಬೆಳೆಸಾಲ ಮನ್ನಾ ಆಯಿತು. 2018ರಲ್ಲಿ ಮತ್ತೊಂದು ಮನ್ನಾ ಸಾರಲಾಯಿತು. ರೈತನಿಗೆ ಸಿಕ್ಕಿತೆಂದು ನಮಗೆ ಹೊಟ್ಟೆಕಿಚ್ಚಿಲ್ಲ. ಅವನ ಪಾಡು ನಮಗೆ ಗೊತ್ತು. ಆದರೆ ಎರಡು ಸಲವೂ ಸಾಲವನ್ನು ಮುಂಚೆಯೇ ತೀರಿಸಿದವನು ಕೈ ಹಿಚುಕಿಕೊಂಡು ನಿಂತದ್ದನ್ನು ಈ ಭಾಗದ ಪ್ರತಿ ಹಳ್ಳಿಯೂ ನೋಡಿದೆ. ಮನ್ನಾ ಬಂದೀತೆಂದು ಕಂತು ತಡೆಹಿಡಿಯುವ ಚಟವೂ ಅಲ್ಲಿಂದಲೇ ಹತ್ತುತ್ತದೆ. ಈ ಆಕ್ಷೇಪಣೆಗೆ ಉತ್ತರ ಕೊಡದೆ ನೆರವಿನ ಮಾತಾಡುವವರು ಮತ ಕೇಳಲು ಬಂದವರೇ ಹೊರತು ಬಡವರ ಹಿತ ಬಯಸಿದವರಲ್ಲ.

ಆದರೆ ಸಾಲ ಹುಟ್ಟಿದ ಬಗೆಯನ್ನೂ ನೋಡಬೇಕು. ಬ್ಯಾಂಕಿಗೆ ಹೋದವನಿಗೆ ಅಲ್ಲಿ ಕೇಳುವುದು ಮೂರು ಕಾಗದ: ಪಗಾರ ಚೀಟಿ, ತೆರಿಗೆ ತುಂಬಿದ ಪತ್ರ, ನಿರ್ವಿವಾದವಾದ ಉತಾರ. ಜಿನ್ನಿಂಗ್ ಗಿರಣಿಯಲ್ಲಿ ದಿನಗೂಲಿಗೆ ದುಡಿಯುವವನಿಗೆ ಪಗಾರ ಚೀಟಿ ಎಲ್ಲಿಯದು? ತಳ್ಳುಗಾಡಿಯವನು ತೆರಿಗೆ ಪತ್ರ ಎಲ್ಲಿಂದ ತರಬೇಕು? ಅಜ್ಜನ ಹೆಸರಿನಲ್ಲಿಯೇ ಉಳಿದ ಸಿ.ಟಿ.ಎಸ್. ಉತಾರ, ಅಣ್ಣತಮ್ಮಂದಿರಲ್ಲಿ ಬಾಯಿಮಾತಿನಿಂದ ಆದ ಪಾಲು, ನಕಾಶೆ ಮಂಜೂರಾಗದ ಬಡಾವಣೆಯ ಜಾಗ, ಇವು ನಮ್ಮ ಪಟ್ಟಣಗಳಲ್ಲಿ ಮನೆಮನೆಯ ಕಥೆ. ಬ್ಯಾಂಕು ಬಾಗಿಲು ಹಾಕಿದ ಮೇಲೆ ಅವನು ಖಾಸಗಿ ಫೈನಾನ್ಸಿಗೆ ಹೋಗುತ್ತಾನೆ. ಅಲ್ಲಿ ಕಾಗದ ಕಡಿಮೆ, ನಗು ಹೆಚ್ಚು, ಬಡ್ಡಿ ಇನ್ನೂ ಹೆಚ್ಚು.

ಎಷ್ಟು ಹೆಚ್ಚೆಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. 10 ಲಕ್ಷ ರೂಪಾಯಿ ಸಾಲ, 20 ವರ್ಷದ ಮುದ್ದತ್ತು ಎಂದಿಟ್ಟುಕೊಳ್ಳಿ. ಶೇಕಡಾ 8ರ ಬಡ್ಡಿಗೆ ತಿಂಗಳ ಕಂತು 8,364 ರೂಪಾಯಿ. ಅದೇ ಸಾಲ ಶೇಕಡಾ 14ಕ್ಕೆ ಸಿಕ್ಕರೆ ಕಂತು 12,435 ರೂಪಾಯಿ. ಮೊದಲ ತಿಂಗಳು ತುಂಬಿದ ಈ 12,435ರಲ್ಲಿ 11,667 ರೂಪಾಯಿ ಬಡ್ಡಿಗೇ ಹೋಗುತ್ತದೆ. ಅಸಲಿಗೆ ಜಮೆಯಾಗುವುದು 768 ರೂಪಾಯಿ ಮಾತ್ರ. ಇಪ್ಪತ್ತು ವರ್ಷ ಒಂದೂ ಕಂತು ತಪ್ಪಿಸದೆ ತುಂಬಿದವನು ಒಟ್ಟು ಕೊಟ್ಟದ್ದು 30 ಲಕ್ಷಕ್ಕೆ ತುಸು ಕಡಿಮೆ. ಬಡವನಾದವನಿಗೆ ಮನೆ ಮೂರು ಪಟ್ಟು ಬೆಲೆಗೆ ಬೀಳುತ್ತದೆ. ಪಗಾರ ಚೀಟಿ ಇದ್ದವನಿಗೆ ಎರಡು ಪಟ್ಟಿಗೆ ಸಿಗುತ್ತದೆ. ಅಪಾಯದ ಸಾಲ ಎಂದು ಹೆಸರಿಟ್ಟು ಹೆಚ್ಚು ಬಡ್ಡಿ ಎಳೆದುಕೊಂಡವರು, ಆ ಅಪಾಯ ನಿಜವಾಗಿಯೇ ಬಂದಾಗ ನನಗೇನೂ ನಷ್ಟವಾಗಕೂಡದು ಎನ್ನುವುದು ಯಾವ ವ್ಯಾಪಾರದ ನೀತಿ? ಉಳ್ಳಾಗಡ್ಡಿ ಕೊಂಡಿಟ್ಟ ನಮ್ಮ ವ್ಯಾಪಾರಸ್ಥ ದರ ಬಿದ್ದರೆ ಸುಮ್ಮನೆ ನಷ್ಟ ತಿನ್ನುತ್ತಾನಲ್ಲ!

ಬಡ್ಡಿಯ ದರವಾದರೂ ನಿಂತಲ್ಲಿ ನಿಲ್ಲುತ್ತದೆಯೆ? 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ರಿಸರ್ವ್ ಬ್ಯಾಂಕು ತನ್ನ ರೆಪೊ ದರವನ್ನು ಶೇಕಡಾ 4ರಿಂದ 6.5ಕ್ಕೆ ಏರಿಸಿತು. ಏರಿಳಿಯುವ ಬಡ್ಡಿಗೆ ಸಹಿ ಹಾಕಿದವರ ಸಾಲವೆಲ್ಲ ಅದರ ಜೊತೆಗೆ ಏರಿತು. ಮೇಲೆ ಹೇಳಿದ ಶೇಕಡಾ 8ರ ಸಾಲ ಹತ್ತೂವರೆ ಆಯಿತೆನ್ನಿ. ಹೊಸ ಸಾಲವಾಗಿದ್ದರೆ ತಿಂಗಳ ಬಡ್ಡಿಯೇ 8,750 ರೂಪಾಯಿ. ತುಂಬುವ ಕಂತು 8,364. ಅಂದರೆ ಕಂತು ತಪ್ಪದೆ ತುಂಬುತ್ತಿದ್ದರೂ ಸಾಲ ಕರಗುವುದಿಲ್ಲ, ಬೆಳೆಯುತ್ತದೆ! ಹೀಗಾಗದಂತೆ ನೋಡಿಕೊಳ್ಳಬೇಕು, ಸಾಲಗಾರನಿಗೆ ತಿಳಿಸಿ ಅವನ ಆಯ್ಕೆ ಕೇಳಬೇಕು ಎಂದು ರಿಸರ್ವ್ ಬ್ಯಾಂಕು ಅಪ್ಪಣೆ ಮಾಡಿದ್ದು 2023ರ ಆಗಸ್ಟಿನಲ್ಲಿ. ಅಷ್ಟೊತ್ತಿಗೆ ಏರಬೇಕಾದದ್ದೆಲ್ಲ ಏರಿಯಾಗಿತ್ತು. 2025ರಲ್ಲಿ ದರ ಇಳಿದದ್ದು ನಿಜ. ಏರುವಾಗ ಬಂದ ಅವಸರ ಇಳಿಯುವಾಗ ಫೈನಾನ್ಸ್ ಕಚೇರಿಗಳಿಗೆ ಬಂತೇ ಎಂಬುದನ್ನು ಓದುಗರು ತಮ್ಮ ತಮ್ಮ ಪಾಸ್‌ಬುಕ್ಕು ತೆರೆದು ನೋಡಿಕೊಳ್ಳಲಿ.

ಇದಕ್ಕೆ ನಮ್ಮ ಭಾಗದ ದುಡಿಮೆಯ ರೀತಿಯೂ ಸೇರಬೇಕು. ಹತ್ತಿಯ ಸುಗ್ಗಿ ಇರುವ ತನಕ ಗಿರಣಿ ಓಡುತ್ತದೆ. ಸುಗ್ಗಿ ಮುಗಿದರೆ ಕೆಲಸಗಾರ ಮನೆಗೆ. ಮೆಣಸಿನಕಾಯಿ, ಹೆಸರು, ಶೇಂಗಾ ಬಂದಾಗ ಬಜಾರ ತುಂಬುತ್ತದೆ. ಮಳೆ ಕೈಕೊಟ್ಟ ವರ್ಷ ಮುಂಡರಗಿ-ಶಿರಹಟ್ಟಿ ಕಡೆಯ ಅಂಗಡಿಗಳಲ್ಲಿ ನೊಣ ಹೊಡೆಯುವ ಕೆಲಸ. ಗಳಿಕೆ ಸುಗ್ಗಿಗೊಮ್ಮೆ, ಕಂತು ಮಾತ್ರ ತಿಂಗಳಿಗೊಮ್ಮೆ. ಬೆಟಗೇರಿಯ ನೇಕಾರನ ಸಂಗತಿಯಂತೂ ಬೇರೆಯೇ. ಅವನ ಮಗ್ಗ ಮನೆಯೊಳಗಿನ ನೆಲದಲ್ಲಿಯೇ ಇದೆ. ಅವನ ಮನೆಗೆ ಬೀಗ ಬಿದ್ದರೆ ಮಲಗುವ ಜಾಗ ಹೋಯಿತೆಂದಷ್ಟೇ ಅಲ್ಲ, ಮರುದಿನ ಸಾಲ ತೀರಿಸಲು ದುಡಿಯುವ ಜಾಗವೂ ಹೋಯಿತು. ಸಾಲ ಕೊಟ್ಟವನಿಗೆ ಇದರಿಂದ ಬಂದ ಲಾಭವೇನು? ಲಿಲಾವಿನಲ್ಲಿ ಅರ್ಧ ಬೆಲೆ, ಅದರಲ್ಲಿ ವಕೀಲರ ಖರ್ಚು ವಜಾ.

ಇನ್ನು, ಮಾಡಿದ ಸಾಲವನ್ನು ಪೂರ್ತಿ ತೀರಿಸಲೇಬೇಕೆಂಬ ಧರ್ಮ ಈ ದೇಶದಲ್ಲಿ ಎಲ್ಲರಿಗೂ ಒಂದೇ ಆಗಿದೆಯೆ? ದಿವಾನ್ ಹೌಸಿಂಗ್ ಎಂಬ ಗೃಹಸಾಲದ ದೊಡ್ಡ ಕಂಪನಿಯ ಆಡಳಿತ ಮಂಡಳಿಯನ್ನು 2019ರ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕು ತೆಗೆದುಹಾಕಿತು. ಅದರ ಮೇಲೆ ಸಾಲಗಾರರು ಮಂಡಿಸಿದ ಹಕ್ಕು ಸುಮಾರು 87,000 ಕೋಟಿ ರೂಪಾಯಿ. 2021ರಲ್ಲಿ ಇನ್ನೊಂದು ಕಂಪನಿ ಅದನ್ನು ಸುಮಾರು 34,000 ಕೋಟಿಗೆ ಕೊಂಡಿತು. ಉಳಿದದ್ದಕ್ಕೆ ಬ್ಯಾಂಕುಗಳು, ಠೇವಣಿ ಇಟ್ಟವರು ಎಳ್ಳುನೀರು ಬಿಟ್ಟರು. 2016ರ ದಿವಾಳಿ ಸಂಹಿತೆಯ ಮೇರೆಗೆ, ಕಾಯಿದೆಬದ್ಧವಾಗಿಯೇ ಇದು ನಡೆಯಿತು. ಇದನ್ನು ಯಾರೂ ಭಿಕ್ಷೆಯೆಂದು ಕರೆಯಲಿಲ್ಲ; ಪರಿಹಾರ ಯೋಜನೆ ಎಂದು ಕರೆದರು. ಮನೆಸಾಲ ಕೊಡುವ ಕಂಪನಿಯ ಸಾಲ ಅರ್ಧಕ್ಕಿಂತ ಕೆಳಗಿಳಿಯಬಹುದು. ಅಂಥ ಕಂಪನಿಯಿಂದ ಸಾಲ ಪಡೆದ ಮನೆಯವನು ಮಾತ್ರ ಕೊನೆಯ ದಮ್ಮಡಿಯವರೆಗೆ ತುಂಬಬೇಕು! ಅದೇ 2016ರ ಸಂಹಿತೆಯಲ್ಲಿ ಒಂಟಿ ಮನುಷ್ಯರ ಸಾಲಕ್ಕೂ ಒಂದು ಭಾಗ ಬರೆದಿಟ್ಟಿದ್ದಾರೆ. 2019ರ ಡಿಸೆಂಬರಿನಲ್ಲಿ ಅದರಲ್ಲಿ ಜಾರಿಗೆ ಬಂದದ್ದು ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರಿಗೆ ಸಂಬಂಧಿಸಿದ ಅಂಶವಷ್ಟೇ. 2017ರ ಅಕ್ಟೋಬರಿನಲ್ಲಿ ಸರಕಾರಿ ಬ್ಯಾಂಕುಗಳಿಗೆ ಬಂಡವಾಳ ತುಂಬಲು 2.11 ಲಕ್ಷ ಕೋಟಿ ರೂಪಾಯಿಯ ಯೋಜನೆ ಸಾರಿದಾಗಲೂ, ಇದರಿಂದ ಬ್ಯಾಂಕುಗಳು ಸೋಮಾರಿಯಾದಾವು ಎಂದು ನೀತಿ ಹೇಳಲು ಹೆಚ್ಚು ಜನ ಮುಂದೆ ಬರಲಿಲ್ಲ.

ಕಾಯಿದೆಯ ಮಾತು ಬಂದಿತಾದ್ದರಿಂದ ಒಂದು ವಿಚಿತ್ರವನ್ನು ಓದುಗರ ಮುಂದಿಡುತ್ತೇವೆ. 1908ರಲ್ಲಿ, ಬ್ರಿಟಿಷರ ಆಳ್ವಿಕೆಯಲ್ಲಿ ಬಂದ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮಿನಂತೆ, ಕೃಷಿಕ ಅಥವಾ ಕೂಲಿಕಾರ ತಾನು ವಾಸವಾಗಿರುವ ಮನೆಯನ್ನು ಸಾಲದ ಡಿಕ್ರಿಗಾಗಿ ಜಪ್ತಿ ಮಾಡುವಂತಿಲ್ಲ. ಸಾಮ್ರಾಜ್ಯಶಾಹಿಗೂ ಇಷ್ಟು ಮಟ್ಟಿನ ಅಂಜಿಕೆಯೋ ನಾಚಿಕೆಯೋ ಇತ್ತು. ಆದರೆ ಆ ಮನೆಯನ್ನೇ ಒತ್ತೆಯಾಗಿ ಬರೆದುಕೊಟ್ಟರೆ ಈ ರಕ್ಷಣೆ ಇಲ್ಲ. 2002ರ ಸರ್ಫೇಸಿ ಕಾಯಿದೆಯಲ್ಲಂತೂ ಕೋರ್ಟಿಗೆ ಹೋಗುವ ತೊಂದರೆಯನ್ನೂ ತಪ್ಪಿಸಲಾಗಿದೆ: 60 ದಿವಸದ ನೋಟೀಸು, ಆಮೇಲೆ ಸ್ವಾಧೀನ, ಬೇಕಾದರೆ ಜಿಲ್ಲಾ ದಂಡಾಧಿಕಾರಿಯ ಅಪ್ಪಣೆ ಪಡೆದು ಪೊಲೀಸರ ಸಹಾಯ, ನಂತರ ಲಿಲಾವು. ಅನ್ಯಾಯವಾಯಿತೆಂದು ಮೊರೆಯಿಡಬೇಕಾದರೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬೇಕು. ಅದು ಇರುವುದು ಬೆಂಗಳೂರಿನಲ್ಲಿ, ಗದಗಿನಿಂದ ಸುಮಾರು 400 ಕಿಲೋಮೀಟರು. ಅಲ್ಲಿ ಸೋತರೆ ಮೇಲ್ಮನವಿ ಚೆನ್ನೈಯಲ್ಲಿ, ಅದೂ ಬಾಕಿಯ ಅರ್ಧವನ್ನು, ಕನಿಕರ ತೋರಿದರೆ ಕಾಲು ಭಾಗವನ್ನು, ಮೊದಲು ಠೇವಣಿ ಇಟ್ಟ ಮೇಲೆ. ಕಂತು ತುಂಬಲು ದುಡ್ಡಿಲ್ಲದವನಿಗೆ ತೆರೆದಿಟ್ಟ ನ್ಯಾಯದ ಬಾಗಿಲು ಇದು!

2025ರ ಜನವರಿಯಲ್ಲಿ ಬೆಳಗಾವಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಬಾಣಂತಿಯನ್ನೂ ಹಸುಗೂಸನ್ನೂ ಹೊರಗೆ ಹಾಕಿ ಮನೆಗೆ ಬೀಗ ಜಡಿದ ಸುದ್ದಿ ನಾಡೆಲ್ಲ ಹಬ್ಬಿತು. ಆ ದಿನಗಳಲ್ಲಿಯೇ ಸಾಲದ ತಗಾದೆಗೆ ಅಂಜಿ ಊರು ಬಿಟ್ಟವರ, ಜೀವ ಕಳೆದುಕೊಂಡವರ ಸುದ್ದಿಗಳು ಜಿಲ್ಲೆ ಜಿಲ್ಲೆಗಳಿಂದ ಬಂದವು. ಮರು ತಿಂಗಳು ನಮ್ಮ ಗದಗ-ಬೆಟಗೇರಿಯಲ್ಲಿ ಪೊಲೀಸರು ಬಡ್ಡಿ ವ್ಯವಹಾರದವರ ಮನೆಗಳನ್ನು ಶೋಧಿಸಿ ಕೋಟಿಗಟ್ಟಲೆ ನಗದು ಹೊರತೆಗೆದರು. ಫೆಬ್ರುವರಿ 12ರಂದು ರಾಜ್ಯ ಸರಕಾರ ಸುಗ್ರೀವಾಜ್ಞೆ ಹೊರಡಿಸಿತು. ಪರವಾನಗಿಯಿಲ್ಲದೆ, ನೋಂದಣಿಯಿಲ್ಲದೆ ಸಾಲ ಕೊಟ್ಟವರ ಬಾಕಿ ತೀರಿತೆಂದೇ ತಿಳಿಯತಕ್ಕದ್ದು. ಬಲಾತ್ಕಾರದ ವಸೂಲಿಗೆ 10 ವರ್ಷದವರೆಗೆ ಸಜೆ, 5 ಲಕ್ಷ ರೂಪಾಯಿವರೆಗೆ ದಂಡ. ಒಳ್ಳೆಯದೇ ಆಯಿತು; ಆ ಕೆಲಸಕ್ಕೆ ನಮ್ಮ ಬೆಂಬಲವುಂಟು. ಆದರೆ ಇದರಿಂದ ನಾವು ಇಲ್ಲಿ ಮಾತಾಡುತ್ತಿರುವ ಮನೆಯವನಿಗೆ ಏನೂ ಸಿಗಲಿಲ್ಲ. ಅವನ ಸಾಲ ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಕಂಪನಿಯದು. ಅವನ ಮನೆಗೆ ಬೀಗ ಹಾಕಲು ಬರುವವನು ಗೂಂಡಾ ಅಲ್ಲ, ಕಾಗದಪತ್ರ ಕೈಯಲ್ಲಿ ಹಿಡಿದ ಮನುಷ್ಯ. 2019ರಲ್ಲಿ ಜಾರಿಗೆ ಬಂದ ಋಣಪರಿಹಾರ ಕಾಯಿದೆಯೂ ಹಾಗೆಯೇ: ಅದು ಖಾಸಗಿ ಲೇವಾದೇವಿಯವರ ಮತ್ತು ಗಿರವಿಯವರ ಸಾಲಕ್ಕೆ, ಅದರ ವರಮಾನದ ಮಿತಿ ವರ್ಷಕ್ಕೆ 1.20 ಲಕ್ಷ ರೂಪಾಯಿ. ತಿಂಗಳಿಗೆ ಹತ್ತು ಸಾವಿರಕ್ಕಿಂತ ತುಸು ಹೆಚ್ಚು ಗಳಿಸಿದ ಕಾರ್ಮಿಕ ಅದರ ಹೊರಗೆ.

ಸಾಲವನ್ನು ಸಾರ್ವಜನಿಕವಾಗಿ ತಿದ್ದಿ ಬರೆಯುವುದು ನಮ್ಮ ಸೀಮೆಗೆ ಹೊಸದಲ್ಲ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಹಕಾರಿ ಸಂಘ, ಸಾವಕಾರನ ಹಿಡಿತದಿಂದ ಒಕ್ಕಲಿಗನನ್ನು ಬಿಡಿಸುವುದಕ್ಕೆಂದೇ ಹುಟ್ಟಿದ್ದು. ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದಾಗ 1939ರಲ್ಲಿ ಕೃಷಿಕ ಋಣಪರಿಹಾರ ಕಾಯಿದೆ ಬಂತು. 1947ರಲ್ಲಿ ಅದನ್ನು ಹೊಸದಾಗಿ ಮಾಡಿದರು. ಹಿರಿಯರು ಅದನ್ನು ಬಿ.ಎ.ಡಿ.ಆರ್. ಎಂದೇ ಕರೆಯುತ್ತಿದ್ದರು. ಅದರ ಮರ್ಮ ಇಷ್ಟೇ: ಸಾಲ ಸುಳ್ಳೆಂದು ಹೇಳಲಿಲ್ಲ, ಮನ್ನಾ ಮಾಡಲಿಲ್ಲ, ಸಾಲಗಾರನ ತೀರಿಸುವ ಶಕ್ತಿಯನ್ನು ತೂಗಿ ನೋಡಿ, ಸಾಲವನ್ನು ಆ ಮಟ್ಟಕ್ಕೆ ಇಳಿಸಿ, ವರ್ಷ ವರ್ಷದ ಕಂತು ಕಟ್ಟಿಕೊಟ್ಟಿತು. ಶಿರಹಟ್ಟಿ ಸಾಂಗ್ಲಿ ಸಂಸ್ಥಾನದಲ್ಲಿಯೂ ಲಕ್ಷ್ಮೇಶ್ವರ ಮೀರಜ ಸಂಸ್ಥಾನದಲ್ಲಿಯೂ ಇದ್ದು, 1948ರಲ್ಲಿ ಮುಂಬಯಿಗೆ ಸೇರಿದವು. ಆ ಕಾಯಿದೆಯ ಕೊರತೆಯೆಂದರೆ ಅದು ಕೃಷಿಕನದು. ಗಿರಣಿಯವನು, ಅಂಗಡಿಯವನು ಅದರಲ್ಲಿ ಬರಲಿಲ್ಲ. 1976ರಲ್ಲಿ ದೇವರಾಜ ಅರಸರ ಸರಕಾರ ತಂದ ಋಣಪರಿಹಾರದ ಕಾಯಿದೆ ಬಡ ಕೂಲಿಕಾರನವರೆಗೆ ಕೈ ಚಾಚಿತಾದರೂ, ಪಟ್ಟಣದ ಮನೆಸಾಲವೆಂಬುದು ಆಗ ಇಷ್ಟು ಬೆಳೆದಿರಲಿಲ್ಲ.

ಹೊರದೇಶದ ಉದಾಹರಣೆ ಬೇಕೆನ್ನುವವರು ಅಮೇರಿಕವನ್ನೇ ನೋಡಲಿ. ಬಂಡವಾಳಶಾಹಿಯ ಆ ತೌರುಮನೆಯಲ್ಲಿಯೇ ಎರಡು ದಾರಿಗಳನ್ನೂ ತುಳಿದು ನೋಡಿದ್ದಾರೆ. 1933ರಲ್ಲಿ ರೂಸವೆಲ್ಟ್ ಸರಕಾರ ಮನೆಮಾಲಿಕರ ಸಾಲ ನಿಗಮವನ್ನು ತೆರೆಯಿತು. ಕಂತು ತಪ್ಪಿದ ಮನೆಗಳ ಒತ್ತೆಪತ್ರಗಳನ್ನು ಅದು ಸಾಲ ಕೊಟ್ಟವರಿಂದ ಸರಕಾರಿ ಬಾಂಡುಗಳಿಗೆ ಬದಲು ಪಡೆಯಿತು. ಕೊಟ್ಟದ್ದು ಮನೆಯ ಬೆಲೆ ಕಟ್ಟಿ ಅದರ ಶೇಕಡಾ 80ರ ಒಳಗೆ. ಎಷ್ಟೋ ಕಡೆ ಸಾಲ ಕೊಟ್ಟವರು ಬಾಕಿಯಲ್ಲಿ ಒಂದು ಭಾಗ ಬಿಡಲೇಬೇಕಾಯಿತು. ಮನೆಯವನಿಗೆ 15 ವರ್ಷದ ಮುದ್ದತ್ತು, ಶೇಕಡಾ 5ರ ಬಡ್ಡಿ. ಸುಮಾರು 10 ಲಕ್ಷ ಮನೆಗಳ ಸಾಲ ಹೀಗೆ ಹೊಸದಾಗಿ ಬರೆಯಲ್ಪಟ್ಟಿತು. ಐದರಲ್ಲಿ ಒಬ್ಬ ಕೊನೆಗೂ ಮನೆ ಕಳೆದುಕೊಂಡ, ನಿಜ, ನಾಲ್ವರು ಉಳಿಸಿಕೊಂಡರು. 1951ರಲ್ಲಿ ನಿಗಮ ಬಾಗಿಲು ಮುಚ್ಚುವಾಗ ಬೊಕ್ಕಸಕ್ಕೆ ಅಲ್ಪಸ್ವಲ್ಪ ಲಾಭವೇ ಉಳಿದಿತ್ತು. (ಆ ನಿಗಮವೇ ಬರೆಸಿದ ನಕಾಶೆಗಳಲ್ಲಿ ಕರಿಯರ ಓಣಿಗಳಿಗೆ ಅಪಾಯದ ಕೆಂಪು ಬಣ್ಣ ಬಳಿದದ್ದೂ ಉಂಟು. ಯಾವ ಓಣಿಗೆ ಯಾವ ಬಣ್ಣ ಎಂಬ ಬುದ್ಧಿ ನಮ್ಮಲ್ಲಿಯೂ ಕಡಿಮೆಯಿಲ್ಲವಾದುದರಿಂದ ಇದನ್ನು ನೆನಪಿನಲ್ಲಿಡುವುದು ಲೇಸು.) 2008ರಲ್ಲಿ ಮತ್ತೆ ಮನೆಸಾಲದ ಕಟ್ಟಡವೇ ಕುಸಿದಾಗ ಅದೇ ದೇಶ ತುಳಿದದ್ದು ಬೇರೆ ದಾರಿ. ಅಕ್ಟೋಬರಿನಲ್ಲಿ 70,000 ಕೋಟಿ ಡಾಲರಿನ ಕಾಯಿದೆ ಪಾಸಾಗಿ, ಬ್ಯಾಂಕುಗಳಿಗೆ ಮೊದಲು ಹಣ ಹೋಯಿತು. ಮನೆಯವರಿಗಾಗಿ 2009ರಲ್ಲಿ ಬಂದ ಯೋಜನೆಯಲ್ಲಿ ಸಾಲ ತಿದ್ದುವ ಕೆಲಸವನ್ನು ವಸೂಲಿ ಕಂಪನಿಗಳ ಕೈಗೇ ಕೊಟ್ಟು, ತಿದ್ದಿದ್ದಕ್ಕೆ ಅವರಿಗೇ ಇನಾಮನ್ನೂ ಇಟ್ಟರು. 30ರಿಂದ 40 ಲಕ್ಷ ಮನೆಗಳಿಗೆ ನೆರವಾಗುವುದು ಗುರಿಯಾಗಿತ್ತು, ಅದು ಮುಟ್ಟಲಿಲ್ಲ. ಬೆಕ್ಕಿನ ಕೈಗೆ ಹಾಲಿನ ಲೆಕ್ಕ ಕೊಟ್ಟರೆ ಇನ್ನೇನಾದೀತು?

ಆದುದರಿಂದ ನಮ್ಮ ಬೇಡಿಕೆ ಹೀಗಿದೆ. ವಾಸದ ಮನೆ ಒಂದೇ ಇರಬೇಕು, ಸಾಲಗಾರ ಅದರಲ್ಲಿ ತಾನೇ ಇರಬೇಕು, ಸಾಲ ಸಣ್ಣದಿರಬೇಕು. 15 ಲಕ್ಷ ರೂಪಾಯಿಯ ಒಳಗೆ ಎಂದು ನಮ್ಮ ಅಂದಾಜು. ಪ್ಲಾಟು ಕೊಂಡು ಮಾರುವವರಿಗೆ, ಬಾಡಿಗೆಗೆಂದು ಮೂರನೆಯ ಮನೆ ಎಬ್ಬಿಸಿದವರಿಗೆ ಇದರಲ್ಲಿ ಜಾಗವಿಲ್ಲ. ಮನೆ ಕಟ್ಟಲಿಕ್ಕಲ್ಲ, ಅಂಗಡಿಯ ಬಂಡವಾಳಕ್ಕೆಂದು ಮನೆಯನ್ನು ಒತ್ತೆಯಿಟ್ಟವನು ಬರಬೇಕೋ ಬೇಡವೋ ಎಂದು ಕೆಲವರು ಕೇಳುತ್ತಾರೆ. ಬರಬೇಕು. ಸಣ್ಣ ವ್ಯಾಪಾರಸ್ಥನಿಗೆ ಒತ್ತೆಯಿಡಲು ಮನೆಯ ಹೊರತು ಇನ್ನೇನಿದೆ? ಇಂಥವರ ಸಾಲವನ್ನು ಸರಕಾರದ ಒಂದು ಸಂಸ್ಥೆ ತೀರಿಸುವ ಶಕ್ತಿ ನೋಡಿ ಹೊಸದಾಗಿ ಬರೆಯಲಿ. ದಂಡದ ಬಡ್ಡಿ ಪೂರ್ತಿ ಹೋಗಲಿ. ಬಡ್ಡಿಯ ಮೇಲೇರಿದ ಬಡ್ಡಿ ಹೋಗಲಿ. ಅಸಲು ಉಳಿಯಲಿ, ಮುದ್ದತ್ತು ಬೆಳೆಯಲಿ, ಕಂತು ಸುಗ್ಗಿಗೆ ಹೊಂದಲಿ. ಅಲ್ಲಿಯ ತನಕ ಲಿಲಾವು ನಿಲ್ಲಲಿ. ನಷ್ಟದ ಮೊದಲ ಪಾಲನ್ನು ಸಾಲ ಕೊಟ್ಟ ಕಂಪನಿ ನುಂಗಲಿ. ಅದಕ್ಕಾಗಿಯೇ ಅದು ಇಷ್ಟು ವರ್ಷ ಹೆಚ್ಚಿನ ಬಡ್ಡಿ ತಿಂದಿದೆ. ಮುಂದೆ ಆ ಮನೆ ಲಾಭಕ್ಕೆ ಮಾರಿದರೆ ಲಾಭದಲ್ಲಿ ಒಂದು ಪಾಲು ಬೊಕ್ಕಸಕ್ಕೆ ಮರಳಲಿ. ಅಸಲನ್ನು ತೀರಿಸಲೇಬೇಕಾದುದರಿಂದ ಕಂತು ತಡೆಹಿಡಿದು ಕೂತವನಿಗೆ ಇದರಲ್ಲಿ ಗಳಿಕೆಯಿಲ್ಲ. ನಿಯತ್ತಿನಿಂದ ತುಂಬಿದ ಅಂಗಡಿಕಾರನಿಗೆ ಇಷ್ಟರಿಂದಲೇ ಸಮಾಧಾನವಾದೀತೆಂದು ನಾವು ಹೇಳುವುದಿಲ್ಲ; ಅವನು ಅನುಭವಿಸಿದ್ದು ಅವನಿಗೇ ಗೊತ್ತು. ಆದರೆ ಅವನ ಓಣಿಯಲ್ಲಿ ನಾಲ್ಕು ಮನೆ ಅರ್ಧ ಬೆಲೆಗೆ ಲಿಲಾವಾದರೆ ಅವನ ಮನೆಯ ಬೆಲೆಯೂ ಇಳಿಯುತ್ತದೆ, ಅವನ ಅಂಗಡಿಯ ಉದ್ರಿಯೂ ಮುಳುಗುತ್ತದೆ. ಸಾಲ ವಸೂಲಾತಿ ನ್ಯಾಯಮಂಡಳಿಯ ಬೈಠಕ್ಕು ಹುಬ್ಬಳ್ಳಿ-ಧಾರವಾಡದಲ್ಲಿ ಆಗಾಗ ನಡೆಯಬೇಕೆಂಬುದೂ ನಮ್ಮ ಬೇಡಿಕೆ. ಹೈಕೋರ್ಟಿನ ಪೀಠವೇ ಧಾರವಾಡಕ್ಕೆ ಬಂದಿರುವಾಗ ಇದೇನು ಆಗದ ಕೆಲಸವೆ?

ಇದೆಲ್ಲ ಆಗುವ ತನಕ ನೋಟೀಸು ಬಂದವರು ಅಂಜಿ ಮನೆ ಬಿಟ್ಟು ಓಡಬಾರದು, ಸುಮ್ಮನೆ ಕೂಡಲೂಬಾರದು. 1 ಲಕ್ಷ ರೂಪಾಯಿ ಮೀರದ ಸಾಲಕ್ಕೆ, ಸಾಗುವಳಿಯ ಭೂಮಿಗೆ, ಮತ್ತು ಅಸಲು-ಬಡ್ಡಿಯಲ್ಲಿ ಶೇಕಡಾ 20ಕ್ಕಿಂತ ಕಡಿಮೆ ಬಾಕಿ ಉಳಿದ ಸಾಲಕ್ಕೆ ಸರ್ಫೇಸಿ ಕಾಯಿದೆ ತಗಲುವುದಿಲ್ಲ. ಉಳಿದವರು 60 ದಿವಸದೊಳಗೆ ತಮ್ಮ ಆಕ್ಷೇಪಣೆಯನ್ನು ಬರವಣಿಗೆಯಲ್ಲಿ ಕೊಟ್ಟು ಪೋಚು ಪಡೆಯಬೇಕು. 15 ದಿವಸದೊಳಗೆ ಕಾರಣ ಸಹಿತ ಉತ್ತರ ಕೊಡುವುದು ಸಾಲ ಕೊಟ್ಟವರ ಹೊಣೆ. ಸ್ವಾಧೀನಕ್ಕೆ ಕ್ರಮ ಕೈಕೊಂಡರೆ ನ್ಯಾಯಮಂಡಳಿಗೆ ಹೋಗಲು ಇರುವ ಅವಧಿ 45 ದಿವಸ. ಹೆಂಗಸರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಕಡಿಮೆ ವರಮಾನದವರಿಗೆ ಗದಗಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರ ನೆರವು ಪುಕ್ಕಟೆ ಸಿಗುತ್ತದೆ. ಹೋಗುವಾಗ ಸಾಲದ ಕರಾರುಪತ್ರ, ತುಂಬಿದ ಕಂತುಗಳ ಪಾವತಿ, ಉತಾರ ಇವಿಷ್ಟನ್ನೂ ಒಯ್ಯಬೇಕು. ನೋಟೀಸು ಬಂದ ಲಕ್ಕೋಟೆಯನ್ನು ಹರಿದು ಒಗೆಯಬಾರದು, ಅಂಚೆಯ ಮುದ್ರೆಯ ತಾರೀಖು ಅದರ ಮೇಲಿರುತ್ತದೆ.